ಹೆಸರು ಕೊರೆದ ಚೊಂಬು

ನಗು, ನಗು... ನಗ್ತಾನೇ ಇರು ನೀನು! ಯಾಕಜ್ಜಿ ಅಷ್ಟೊಂದ್ ನಗು? ಬೊಂಬೆ ನಡ್ಯೋದ್ ನೋಡೀನಾ? ಅದು ಅಂಗೇ ಕಣಜ್ಜಿ ನಡ್ಯೋದು, ಕಾಲು ನೆಲಕ್ಕೆ ತಾಕಕಿಲ್ಲ. ಅಯ್ಯೋ, ಅಯ್ಯೋ, ಇಂದ್ಗಡೆ ಏನ್ ಬಗ್ಗಿ ನೋಡ್ತೀಯ? ಅಲ್ಲಿ ಯಾರೂ ಇಲ್ಲ, ಬರೀ ವೈರು. ಮುಟ್ಬೇಡ, ಕರೆಂಟು ಹೊಡ್ದಾತು! ಬಾ ಈ ಕಡೆ, ಕುಂತ್ಕೊ. ಆ ಚೇರು ಸುತ್ತ ತಿರುಗ್ತದೆ, ಎದ್ರುಕಬೇಡ, ಬೀಳಕಿಲ್ಲ. ಆಹ್... ಅಂಗೆ.

ಇದು ಟಿವಿ ಅಲ್ಲ ಅಂತ ಆಗ್ಲೇ ಯೋಳ್ಲಿಲ್ವಾ? ಕಂಪ್ಯೂಟರು. ನಿನ್ ಮೊಮ್ಮಗಳು ಅರ್ಪಿತ ಕಲ್ತದ್ದೂ ಇದ್ರಲ್ಲೇ, ಇದೇ ಚೇರ್ನಲ್ಲೇ ಕುಂತ್ಕಂಡು. ಪಾಂಡವಪುರದಿಂದ ಬಸ್ಸಲ್ಲಿ ಬರೋಳು. ಬಂದ್ ತಕ್ಷಣ ಚಪ್ಪಲಿ ಬಿಚ್ಚಿ ಕಾಲು ಮಡಿಸ್ಕಂಡು ಮೇಲೆ ಇಟ್ಕಳೋಳು, ಈಗ ನೀನು ಇಟ್ಕಂಡಿದ್ದೀಯಲ್ಲ, ಇಂಗೇ!

ಏನು? ಆಚೆಗಾ? ನಿನ್ ಮೊಮ್ಮಗ ರವೀಂದ್ರಣ್ಣ ಟೀ ಅಂಗ್ಡೀಲಿ ಅವ್ರೆ ಕಣಜ್ಜಿ, ಎಲ್ಲೂ ಓಗಿಲ್ಲ. ಅಗೋ ಜೀಪು ಕಾಣಕಿಲ್ವಾ? ಮೈಸೂರು ಕಣ್ಣಾಸ್ಪತ್ರೆ ಬಾಗ್ಲು ತೆಗೆಯೋದು ಇನ್ನೂ ತಡವಂತೆ. ಅಲ್ಲೀಗಂಟ ಅಜ್ಜಿ ನಿನ್ ಅಂಗ್ಡೀಲಿ ತಣ್ಣಗೆ ಕುಂತಿರ್ಲಿ ಯೋಗೇಶ ಅಂದ್ರು. ಷಟ್ರಾ? ಅದು... ಬಿಸ್ಲು ಬತ್ತದೆ ಅಂತ ಅರ್ಧ ಎಳ್ದಿದ್ದೀನಿ. ರಸ್ತೆ ಧೂಳು ಬೇರೆ. ನಿಂಗೇನ್ ಭಯ? ನಾನ್ ಯಾರು, ಬೇರೇವ್ನಾ? ನಿಮ್ಮೂರ ಚಂದ್ರಶೇಖರಾಚಾರಿ ಮಗ. ನಿನ್ ಕೈಲಿರೋ ಆ ಅಡಕತ್ರಿ ನಮ್ ತಾತ ಬಡ್ದದ್ದು. ಕೊಡು ನೋಡನ... ಏ, ಬ್ಯಾಡ ಬುಡು, ನೀನೇ ಇಟ್ಕೊ. ಕೊಟ್ರೆ ತಿಂದ್ಬುಡ್ತೀನೇನೋ ಅನ್ನಂಗ್ ಆಡ್ತೀಯಲ್ಲ!

ಅಡಿಕೆ ಕತ್ರುಸ್ಕೊ, ಕತ್ರುಸ್ಕೊ. ಇಲ್ಲಿ ನೋಡು ಒಂದ್ ತಮಾಷೆ. ಈ ಕಡ್ಡಿ ಇದ್ಯಲ್ಲ, ಇದು ಮೈಕು. ಇಲ್ಲಿ ಹಸ್ರು ಗೆರೆ ಕಾಣ್ತದಾ? ಈಗ ಕತ್ರುಸು... ಕಟ್! ಕುಣೀತಾ? ನಿನ್ ಅಡಿಕೆ ಸದ್ಗೆ ಗೆರೆ ಎಂಗ್ ಎಗರ್ತು ನೋಡು! ನಾನ್ ಮಾತಾಡ್ತಿದ್ರೂ ಕುಣೀತದೆ. ಸುಮ್ಕಿದ್ರೆ... ನೋಡು, ಮಲೀಕತು. ನಗ್ತೀಯಾ? ನಗೂಗೂ ಕುಣೀತದೆ. ಇಲ್ಲ ಇಲ್ಲ, ಇನ್ನೂ ದನಿ ತುಂಬಿಸ್ಕಂಡಿಲ್ಲ, ಬರೀ ತೋರ್ಸಾಕೆ. ತುಂಬಿಸ್ಕಬೇಕು ಅಂದ್ರೆ ಇಲ್ಲಿ ಒತ್ಬೇಕು. ಒತ್ಲಾ? ಒಂದ್ ಪದ ಯೋಳ್ತೀಯಾ?

ಯಾಕೆ? ಒಂದೇ ಒಂದ್ ಪದ ಅಜ್ಜಿ. ಓದ್ ಸಲ ಕೇಳ್ದೇಟ್ಗೆ ಯೋಳಿದ್ದೆ. ನಿಮ್ ಜಗ್ಲಿ ಮೇಲೆ ಕಂಬುಕ್ಕೆ ಒರಗಿ, ಕಣ್ಮುಚ್ಕಂಡು, ಪೂರ್ತಿ ಸೋಬಾನೆ ಪದ! ಗಂಟ್ಲು ಕಟ್ಟದಾ? ಬಿಸ್ನೀರು ತರುಸ್ಲಾ? ಬ್ಯಾಡ್ವಾ... ನೀವೆಲ್ಲ ಓದ್ಮೇಲೆ ಈ ಪದ ಯೋಳೋರ್ ಯಾರವ್ರೆ, ತುಂಬಿಸಿ ಮಡೀಕತೀನಿ ಅಂತ ಆಗ್ಲೇ ಯೋಳಿದ್ನಲ್ಲ. ಅದುಕ್ಕೇ ಕೇಳಿದ್ದು. ಇನ್ನೇನುಕ್ಕೂ ಅಲ್ಲ.

ಎಂಥಾ ಪದ ಅಜ್ಜಿ ಅದು! ಹಸೆಗೆ ಕುಂತ ಎಣ್ಣಿನ್ ಎಸ್ರು ಪದದೊಳಗೆ ಸೇರುಸ್ಬೇಕು ಅಂತಿದ್ಯಲ್ಲ, ಅರ್ಪಿತವ್ವ ಅರ್ಪಿತವ್ವ ಅಂತ ಸೇರುಸ್ಕಂಡು ಯೋಳ್ತಾ ಓದೆ. ಗಂಡಿನ್ ಎಸ್ರು ಬರೋ ಜಾಗ್ದಲ್ಲಿ ಮಾತ್ರ ಬಾಯ್ ಮುಚ್ಕಂಡು ಬರೀ ಉಸ್ರೆಳ್ಕಂಡೆ. ಮನೇಲಿ ಗೊತ್ತು ಮಾಡಿದ್ದ ಕಿಕ್ಕೇರಿ ಗಂಡು, ಎಸ್ರು ನೆಪ್ಪಾಗ್ಲಿಲ್ವೇನೋ ವಯ್ಸಾಯ್ತು ಅಂದ್ಕಂಡೆ. ಪ್ರತಿ ಸಲ ಆ ಜಾಗ ಬಂದಾಗ್ಲೂ ಅಷ್ಟೇ, ಉಸ್ರು... ಮರ್ತಿರ್ಲಿಲ್ಲ, ಅಲ್ವಾ ಅಜ್ಜಿ?

ಉಂ. ಬುಡು. ಇಲ್ನೋಡು, ಈ ಊರ್ ನೋಡು. ಇದು ಎಲ್ಲೂ ಇಲ್ಲ. ಮೈಸೂರ್ನಲ್ಲೂ ಇಲ್ಲ, ಅಮೇರಿಕಾದಲ್ಲೂ ಇಲ್ಲ. ಇದ್ರೊಳಗೆ ಮಾತ್ರ ಅದೆ. ಬೀದಿ ಅದೆ, ಮರ ಅದೆ, ಅಗೋ ಆ ಕಡೆ ಕೊಳ. ಇಲ್ಲಿಗೆ ಬರ್ಬೇಕು ಅಂದ್ರೆ ಒಂದ್ ಬೊಂಬೆ ಆರುಸ್ಕಂಡು ಅದ್ರೊಳಗೆ ಸೇರ್ಕಬೇಕು. ಯಾರ್ ಬೇಕಾದ್ರೂ ಬರ್ಬೋದು. ಎಸ್ರು ನಿಜ ಯೋಳೋದೇ ಬ್ಯಾಡ. ಯಾವೂರು, ಯಾರ್ ಮಗ್ಳು, ಯಾವ್ ಜನ, ಮದ್ವೆ ಆಗೈತಾ... ಒಬ್ರೂ ಕೇಳಕಿಲ್ಲ! ಅರ್ಪಿತ ಮೊದಲ್ನೇ ದಿನ ಕೇಳುದ್ಲು, ಯೋಗೇಶಣ್ಣ, ಇಲ್ಲಿ ನಮ್ಮಣ್ಣಂಗೆ ಬರಾಕಾಯ್ತದಾ ಅಂತ. ಬಂದ್ರೂ ನೀನ್ಯಾರು ಅಂತ ಗೊತ್ತಾಗಕಿಲ್ಲ ಕಣವ್ವ ಅಂದೆ. ಆವತ್ತು ನಕ್ಕದ್ದು ನೋಡ್ಬೇಕಾಗಿತ್ತು ನೀನು. ನಿನ್ನಂಗೇ, ಬಾಯಿಗೆ ಸೆರಗು ಅಡ್ಡ ಇಡ್ಕಂಡು. ಚೂಡಿದಾರದ ಉಡ್ಗಿ, ಸೆರಗೆಲ್ಲಿ ಬತ್ತು? ವೇಲೇ ಅಡ್ಡ ಇಡ್ಕಂಡ್ಳು.

ಅದಾ? ಮರದ್ ಕೆಳಗೆ, ಹಳದಿ ಸೀರೆ? ಅದು... ಅದ್ಯಾವ್ದೋ ಬೊಂಬೆ. ಬೆಳ್ಳಲ್ಲಿ ಒತ್ತಬೇಡ ಗಾಜುನ್ನ. ಯಾರೋ ಬಂದು ಕುಂತವ್ರೆ ಅಷ್ಟೆ. ಯಾರೋ... ಉಂ ಕಣಜ್ಜಿ, ಉಂ, ಅವ್ಳೇ. ಎಂಗ್ ಗುರ್ತು ಇಡುದ್ಯಪ್ಪ ನೀನು? ಹಳದಿ ಸೀರೆ ನಿಂದಂತಾ? ನಿನ್ ಧಾರೆ ಸೀರೆನಾ? ನಂಗೆ... ನಂಗ್ ಗೊತ್ತಿರ್ಲಿಲ್ಲ.

ಅಳಬೇಡ. ಚೆನ್ನಾಗವ್ಳೆ. ಮನೆ ಬುಟ್ಟೋದೋಳು ಎಲ್ಲವ್ಳೋ ಗೊತ್ತಿಲ್ಲ, ಆದ್ರೆ ಚೆನ್ನಾಗವ್ಳೆ, ಇಲ್ದಿದ್ರೆ ಬತ್ತಿದ್ಲಾ? ಯಾವ್ದೋ ಊರಲ್ಲಿ, ಯಾವ್ದೋ ಇಂಥಾ ಅಂಗ್ಡೀಲೇ ಕುಂತಿರ್ತಾಳೆ ಈಗ, ಇಂಥಾ ಚೇರ್ನಲ್ಲೇ. ಬ್ಯಾಡ, ಕೂಗ್ಬೇಡ... ಓ, ನೀನು ಕೂಗ್ಲೇ ಇಲ್ಲ. ಬಾಯ್ ತೆರೆದ್ಯಲ್ಲ, ಕೂಗ್ತೀಯೇನೋ ಅಂದ್ಕಂಡೆ. ಕೂಗುದ್ರೂ ಅವ್ಳಿಗೆ ಕೇಳ್ಸಕಿಲ್ಲ. ತುಂಬಿಸಿ ಇಟ್ಟದ್ದು ಮಾತ್ರ ಕೇಳುಸ್ತದೆ.

ನಿನ್ ಪದ ಅಲ್ಲೇ ಇಟ್ಟದ್ದು, ಗೊತ್ತಾ? ಆ ಕೊಳದ್ ದಡದಲ್ಲಿ. ಬೋರ್ಡ್ ಕಾಣ್ತದಲ್ಲ, ಅಲ್ಲಿ. ಯಾವ್ ಬೊಂಬೆ ಅತ್ರ ಬಂದ್ರೂ ಪದ ತಾನಾಗೇ ಕೇಳುಸ್ತದೆ. ಮೊದಲ್ನೇ ಸಲ ಅರ್ಪಿತ ಬಂದ್ಳು ನೋಡು... ಬೊಂಬೆ ನಿಂತೇ ಓಯ್ತು. ಅಲ್ಲಾಡ್ಲಿಲ್ಲ. ಪದ ಮುಗೀತು, ಮತ್ತೆ ಮೊದಲಿಂದ. ಮತ್ತೆ ಮುಗೀತು, ಮತ್ತೆ. ಬೊಂಬೆಗೆ ಅಳಾಕ್ ಬರಕಿಲ್ಲ ಅಜ್ಜಿ, ಆದ್ರೂ ನಂಗ್ ಗೊತ್ತಾಯ್ತು. ನನ್ ಕಣ್ಣಲ್ಲೂ ನೀರ್ ಬಂತು, ಸುಳ್ಳಲ್ಲ.

ಏನಂತೀಯ? ಪದ ಆ ಬೋರ್ಡ್ನಲ್ಲಿ ಎಂಗ್ ಕುಂತದೆ ಅಂತಾ? ಆಹಾ, ಜಾಣೆ! ಕಾಲೇಜ್ ಓದ್ದೋರೂ ಇದ್ನ ಕೇಳ್ಲಿಲ್ಲ ಕಣಜ್ಜಿ. ಪದ ಅಲ್ಲಿಲ್ಲ. ಪದ ಇರೋದು ನನ್ ಅತ್ರ, ನಾನ್ ಇಟ್ಟಿರೋ ಜಾಗದಲ್ಲಿ. ಎಂಗ್ ಯೋಳನ ನಿಂಗೆ... ಆ, ಮಜ್ಜಿಗೆ! ನಿಮ್ಮಟ್ಟೀಲಿ ಮೊಸ್ರು ಕಡ್ದ ದಿನ ಊರೋರೆಲ್ಲ ಮಜ್ಜಿಗೆಗೆ ಬರೋರು, ನೆಪ್ಪದಾ? ಒಳಗ್ ಬತ್ತಿರ್ಲಿಲ್ಲ. ಇತ್ಲು ಗೋಡೆ ಮೇಲಿಂದ ಚೊಂಬು ನೀಡೋರು. ಗೋಡೆ ಎತ್ರ, ಮೊಕ ಕಾಣ್ತಿರ್ಲಿಲ್ಲ. ನೀನು ಚೊಂಬು ಇಸ್ಕಂಡೇಟ್ಗೆ, ಏನ್ ನಿಂಗಮ್ಮ, ಮೊಮ್ಮಗೀಗೆ ಜ್ವರ ಬುಡ್ತಾ ಅಂತಿದ್ದೆ! ನಾನು ಚಿಕ್ಕೋನು, ಗೋಡೆ ಆಚೆ ನಿಂತ್ಕಂಡು, ಈ ಯಮ್ಮಂಗೆ ಎಂಗಪ್ಪ ಗೊತ್ತಾಯ್ತು ಅಂತ ಬೆರಗಾಗ್ತಿದ್ದೆ. ಆಮೇಲ್ ಅಪ್ಪ ಯೋಳ್ತು. ನಾಗಮಂಗಲದಿಂದ ತಂದ ಚೊಂಬಿಗೆಲ್ಲ ಅಪ್ಪನೇ ಅಲ್ವಾ ಸಣ್ಣ ಉಳೀಲಿ ಎಸ್ರು ಕೊರೀತಿದ್ದದ್ದು! ನಿಂಗ್ ಓದಾಕ್ ಬರ್ದಿದ್ರೂ ಚೊಂಬಿನ್ ಕತ್ತು ಬೆಳ್ಳಲ್ಲಿ ಸವರಿ ಯಾರ್ ಮನೇದು ಅಂತ ಯೋಳ್ಬುಡ್ತಿದ್ದೆ.

ಇದೂ ಅಂಗೇ ಕಣಜ್ಜಿ! ಬೊಂಬೆ ಮೊಕ ಮುಚ್ತದೆ, ಎಸ್ರು ಮುಚ್ತದೆ. ಆದ್ರೆ ಪದ ಕೇಳ್ಬೇಕು ಅಂದ್ರೆ ನನ್ ಗೋಡೆ ಮೇಲಿಂದ ಚೊಂಬು ನೀಡ್ಲೇಬೇಕಲ್ಲ! ಉಡ್ಗಿ ನೀಡ್ಬೇಕಾಗೇ ಇಲ್ಲ, ಅವ್ಳ್ ಮುಂದಿರೋ ಕಂಪ್ಯೂಟರೇ ನೀಡ್ಬುಡ್ತದೆ, ಅವ್ಳನ್ನ ಒಂದ್ ಮಾತೂ ಕೇಳಕಿಲ್ಲ. ಆ ಚೊಂಬಿನ್ ಮೇಲೆ ಒಂದ್ ನಂಬ್ರು. ಮೈಸೂರ್ ಫೋನ್ ಆಫೀಸ್ನಲ್ಲಿ ನನ್ ಸ್ನೇಯಿತ ಒಬ್ಬ ಅವ್ನೆ, ಆ ನಂಬ್ರು ಕೊಟ್ರೆ ಸಾಕು, ಇಂಥಾ ಬೀದಿ, ಇಂಥಾ ಅಂಗ್ಡಿ ಫೋನು ಅಂತ ತೆಗ್ದು...

ಯಾಕೆ?

ಅಡಕತ್ರಿ ಯಾಕ್ ನಿಲ್ತು ಅಜ್ಜಿ?

ನಾನ್ ಏನ್ ಯೋಳ್ದೆ ಈಗ? ಮಜ್ಜಿಗೆ ವಿಷ್ಯ ಯೋಳ್ದೆ. ಅಷ್ಟೇ. ನೀನೇ ಕೇಳುದ್ದು, ಯೋಳ್ದೆ. ಕತ್ರುಸ್ಕೊ, ಅರ್ಧಕ್ಕೇ ಬುಟ್ಯಲ್ಲ ಅಡಿಕೇನ... ಅಂಗ್ ನೋಡ್ಬೇಡ. ಅಂಗ್ ನೋಡ್ಬೇಡ ಅಂದ್ನಲ್ಲ! ಓದ್ ಸಲ ಅವ್ಳನ್ನ ನಾನ್ ಇಡ್ಕೊಡ್ಲಿಲ್ಲ. ಮೈಸೂರ್ಗೆ ಓಗ್ಲಿಲ್ಲ, ಜೀಪ್ ಅತ್ಲಿಲ್ಲ, ಅವ್ಳ್ ಮೈ ಮುಟ್ಲಿಲ್ಲ. ಜನ ನೋಡ್ತಿದ್ದಂಗೇ ಕೈ ತಿರುವಿ ಜೀಪಿಗ್ ಆಕುದ್ರು ಅಂತ ಆಮೇಲ್ ಕೇಳ್ದೆ. ಅವತ್ತು ಊಟ ಸೇರ್ಲಿಲ್ಲ ನಂಗೆ. ಅಮ್ಮ ಅನ್ನ ಬುಟ್ಟವ್ರೆ, ಎಲ್ಲವ್ಳೆ ಅಂತ ಗೊತ್ತಾದ್ರೆ ಸಾಕು, ಬಟ್ಟೆಬರೆ ಕಳ್ಸಿ ಸುಮ್ಕಾಯ್ತೀವಿ ಅಂದ್ರು ರವೀಂದ್ರಣ್ಣ. ಕಣ್ಣಲ್ಲಿ ನೀರಾಕಂಡು ಅಂದ್ರು. ನಂಬುದೆ. ನಂಬ್ದೆ ಇನ್ನೇನ್ ಮಾಡ್ಲಿ?

ನಂಬ್ಲಿಲ್ಲ ಅಂತೀಯಾ?

...ಪೂರ್ತಿ ನಂಬ್ಲಿಲ್ಲ. ಉಂ. ಇಲ್ಲ.

ನನ್ ಕಡೆ ನೋಡ್ಬೇಡ, ಈ ಗೋಡೆ ನೋಡು. ಈ ಗೋಡೆ ಅವ್ರದ್ದು. ಊರಲ್ಲಿ ಅಪ್ಪನ್ ಕುಲುಮೆ ನಿಂತಿರೋ ನೆಲ ಅವ್ರದ್ದು. ಆ ನಂಬ್ರು ಯಾವ್ ಅಂಗ್ಡೀದು ಅಂತ ಕೇಳ್ಬಾರ್ದು, ಯೋಳ್ಬಾರ್ದು, ಆಚೆ ಬಂದ್ರೆ ನನ್ ಸ್ನೇಯಿತನ್ ಕೆಲ್ಸ ಓಯ್ತದೆ, ನಾನು ಸ್ಟೇಷನ್ ಮೆಟ್ಲತ್ತಬೇಕು. ಅದೂ ಅವ್ರಿಗೆ ಗೊತ್ತು. ಒಂದ್ ಸಲ ಯೋಳ್ಬುಟ್ರೆ ಬುಟ್ಬುಡ್ತಾರೆ ಅಂದ್ಕಂಡಿದ್ದೆ ಅಜ್ಜಿ. ಬುಡಕಿಲ್ಲ. ಒಂದ್ ಸಲ ಯೋಳಿದ್ದೇ ಇಡ್ಕಂಡು ಎರಡನೇ ಸಲ ಯೋಳುಸ್ತಾರೆ. ಅರ್ಪಿತಂಗಾದ್ರೂ ತಪ್ಪುಸ್ಕಣಾಕ್ ಒಂದ್ ಬಾಗ್ಲು ಇತ್ತು. ನಂಗೆಲ್ಲೈತೆ ಬಾಗ್ಲು? ಅಗೋ, ಷಟ್ರು ಅರ್ಧ ಎಳ್ದವ್ರು ಅವ್ರೇ. ಬಿಸ್ಲುಗಲ್ಲ.

ಆಯ್ತು, ಪೂರ್ತಿ ಕೇಳು. ಕಣ್ಣಾಸ್ಪತ್ರೆಗೆ ಅಲ್ಲ ನಿನ್ನ ಕರ್ಕಂಬಂದದ್ದು.

ಗೊತ್ತಿತ್ತಾ? ಗೊತ್ತಿದ್ದೂ ಬಂದ್ಯಾ? ಯಾಕ್ ಬಂದೆ? ...ಅವ್ಳನ್ನ ಒಂದ್ಸಲ ನೋಡಬೋದೇನೋ ಅಂತಾ? ಮತ್ತೆ ಅದೇ ಬೊಂಬೆ ಕಡೆ ನೋಡ್ತಾಳೆ ನೋಡು...

ಈಗ ಅವ್ಳು ಉಷಾರು ಅಜ್ಜಿ. ಇಡ್ಕಂಬಂದು ಕೂಡಾಕಿದ್ದ ಮೇಲ್ಮನೆ ರೂಮಿಂದ ತಪ್ಪುಸ್ಕಂಡ್ ಮೇಲೂ ಈ ಊರಿಗೆ ಬರೋದ್ ಬುಟ್ಟಿಲ್ಲ. ಇನ್ನೆಲ್ಲಿಗ್ ಓದಾಳು, ಯಾರೂ ಏನೂ ಕೇಳ್ದೇ ಇರೋ ಊರು ಇದೊಂದೇ. ಈ ಊರು ನಡ್ಸೋರಿಗೆ ಅವ್ಳು ಎಲ್ಲಿಂದ ಬಂದಿದ್ದಾಳೆ ಅಂತ ಗೊತ್ತಿರ್ತದೆ, ಆದ್ರೆ ಅವ್ರು ಅಮೇರಿಕಾದೋರು, ರವೀಂದ್ರಣ್ಣಂಗೆ ಯೋಳ್ತಾರಾ? ಯೋಳಕಿಲ್ಲ. ಆ ಮರದ್ ಕೆಳಗೆ ಬಂದು ಕುಂತ್ಕತಾಳೆ. ಪದ ಕೇಳುಸ್ಲಾ ಅಂತ ಕಂಪ್ಯೂಟರು ಈಗ ಮೊದ್ಲೇ ಕೇಳೋ ಅಂಗೆ ಮಾಡ್ಕಂಡವ್ಳೆ. ಕೇಳ್ತದೆ, ಬ್ಯಾಡ ಅಂತ ಒತ್ತುತಾಳೆ. ನಿನ್ ಪದದ್ ಬೋರ್ಡಿಗೆ ಬೆನ್ನಾಕಂಡು ಕುಂತವ್ಳೆ ನೋಡು. ಓಗಕಿಲ್ಲ, ಕೇಳಕಿಲ್ಲ. ಕೇಳುದ್ರೆ ಏನಾಯ್ತದೆ ಅಂತ ಗೊತ್ತಾಗೋಗದೆ ಅವ್ಳಿಗೆ.

ಅದುಕ್ಕೇ ಹೊಸಾದು ಬೇಕಂತೆ. ನೀನು ಅರ್ಪಿತವ್ವ ಅಂತ ಅತ್ಕಂಡು ಕರ್ದಿರೋದು. ಅಜ್ಜಿ ಕರೀತಾವ್ಳೆ ಅಂತ ಬೋರ್ಡಾಕುದ್ರೆ ತಡ್ಕಣಾಕಾಯ್ತದಾ ಆ ಉಡ್ಗಿಗೆ? ಒತ್ತೇ ಒತ್ತುತಾಳೆ. ಒತ್ತುದ್ಲು ಅಂದ್ರೆ ಚೊಂಬು ಗೋಡೆ ಮೇಲೆ ಬಂತು ಅಂತ್ಲೇ. ಸಂಜೆ ಒಳಗೆ ಕೊಡು ಅಂದವ್ರೆ. ಸಿಕ್ಕುದ್ರೆ ಈ ಸಲ ಮೇಲ್ಮನೆ ಇಲ್ಲವಂತೆ, ನೇರ ಕಿಕ್ಕೇರಿಗಂತೆ, ರಾತ್ರೋರಾತ್ರಿ ತಾಳಿ ಅಂತೆ.

ಓಡೋಗು ಅಂತ ನಾನೇ ಯೋಳ್ಬುಡನ ಅಂದ್ಕಂಡೆ. ಸತ್ಯವಾಗ್ಲೂ. ಬರ್ದು ಯೋಳನ ಅಂದ್ರೆ ಅವ್ಳು ಬಂದಾಗೆಲ್ಲ ಪಕ್ಕದಲ್ಲಿ ರವೀಂದ್ರಣ್ಣ ಚೇರಾಕಂಡು ಕುಂತಿರ್ತಾರೆ, ಇವತ್ತು ಆಚೆ ಓಗೋವಾಗ ಕೀಬೋರ್ಡೇ ಕಿತ್ಕಂಡು ಓದ್ರು. ನನ್ ದನೀಲೇ ತುಂಬಿಸಿ ದಡದಲ್ಲಿ ಇಟ್ಬುಡನ ಅಂದ್ರೆ... ಅದ್ನ ಕೇಳ್ಬೇಕಾದ್ರೂ ಚೊಂಬು ನೀಡ್ಬೇಕಲ್ಲಜ್ಜಿ! ಓಡೋಗು ಅನ್ನೋ ಮಾತು ಕೇಳುದ್ರೂ ಸಿಕ್ಕಾಕತಾಳಲ್ಲ! ಎಂಥಾದ್ ಮಾಡ್ಬುಟ್ಟೆ ನಾನು... ಎಂಥಾದ್ ಮಾಡ್ಬುಟ್ಟೆ...

ಏ, ಅಣ್ಣಾ! ಆಯ್ತು ಅಣ್ಣಾ! ಇನ್ನೊಂಚೂರು! ಅಜ್ಜಿ ಈಗ ಸುರು ಮಾಡ್ತಾವ್ರೆ... ನೀವು ಅಲ್ಲೇ ಇರಿ, ನೀವು ಬಂದ್ರೆ ನಾಚ್ಕತಾರೆ!

ಕೇಳುಸ್ತಾ? ಕೂಗ್ತಾವ್ರೆ. ಒಳೀಕೆ ಬಂದ್ರೆ ನಿಂಗೂ ಒಳ್ಳೇದಲ್ಲ, ನಂಗೂ ಒಳ್ಳೇದಲ್ಲ. ಅಜ್ಜಿ, ನಿನ್ ಕಾಲಿಗ್ ಬೀಳ್ತೀನಿ. ಪದ ಬ್ಯಾಡ. ಕರೀಬೇಡ. ಎಸ್ರು ಬ್ಯಾಡ. ಒಂದ್ ಅಡಿಕೆ ಕತ್ರುಸು. ಅಷ್ಟೇ. ನಿನ್ ಅಡಕತ್ರಿ ಸದ್ದು ಅವ್ಳಿಗ್ ಗೊತ್ತಿಲ್ವಾ? ಅದ್ರ ಮಗ್ಗುಲಲ್ಲೇ ಅಲ್ವಾ ಮಲಗಿ ಬೆಳೆದದ್ದು? ಒಂದೇ ಒಂದ್ ಕಟ್. ನೀನ್ ಅವ್ಳನ್ನ ಕರ್ದಂಗೂ ಆಗಕಿಲ್ಲ, ನಿನ್ ಮೇಲ್ ಪಾಪಾನೂ ಬರಕಿಲ್ಲ. ಅಡಿಕೆ ಕತ್ರುಸಿದ್ದು, ಅಷ್ಟೇ! ಆಗ್ಲೇ ನೀನು ನಗ್ತಾ ಕತ್ರುಸ್ತಿದ್ದಾಗ್ಲೇ ಒತ್ಬೇಕಾಗಿತ್ತು ನಾನು, ಒಳೀಲಿಲ್ಲ ಥೂ... ಇಗೋ, ಈಗ ಒತ್ತುದೆ. ನೋಡು, ಗೆರೆ ನೋಡು. ಕತ್ರುಸು.

ಕತ್ರುಸಜ್ಜಿ.

ಏನ್ ಮಾಡ್ತಿದ್ದೀಯ? ಅಡಕತ್ರೀನ ಯಾಕ್ ಸೆರಗಲ್ಲಿ ಸುತ್ತುತೀಯ? ಒಳೀಕ್ ಇಟ್ಬುಟ್ಯಾ... ಎಲೆಅಡಿಕೆ ಚೀಲದ್ ಬಾಯ್ ಕಟ್ಬೇಡ, ತಾಳು. ತಾಳು! ಅದೇನು ಎಲೆ ಕೆಳಗೆ, ಆ ಬೀಗದ್ ಕೈ?

ಮೇಲ್ಮನೇದಾ?

ಬೀಗ ಆಕ್ದಂಗೇ ಇತ್ತು, ಉಡ್ಗಿ ಮಾತ್ರ ಒಳಗಿರ್ಲಿಲ್ಲ ಅಂತ ರವೀಂದ್ರಣ್ಣ ತಲೆ ಚಚ್ಕತಿದ್ರು. ತೆಗ್ದು, ಕಳ್ಸಿ, ಮತ್ತೆ ಬೀಗ ಆಕಿ... ಮನೇವ್ರನ್ನೆಲ್ಲ ಕೇಳುದ್ರಂತೆ, ನಿನ್ ಒಬ್ಳನ್ನ ಬುಟ್ಟು. ನೀನಾ ಅಜ್ಜಿ? ನಿನ್ ಪದ ಕೇಳಿ ಸಿಕ್ಕಾಕಂಡ್ಳು ಅಂತ ಗೊತ್ತಾಗಿ... ನೀನೇನಾ?

ಮಾತಾಡು. ಅವ್ರಿಗ್ ಯೋಳಕಿಲ್ಲ ನಾನು. ಆಣೆಗೂ ಯೋಳಕಿಲ್ಲ. ನನ್ನ ನಂಬಕಿಲ್ವಾ? ನಂಬಬೇಡ, ಸರಿ, ನಂಬಬೇಡ. ನಾನಾಗಿದ್ರೂ ನಂಬ್ತಿರ್ಲಿಲ್ಲ. ಆದ್ರೆ ಇಂಗ್ ಸುಮ್ಕೆ ಕುಂತ್ಕಬೇಡ ಅಜ್ಜಿ, ತಡ್ಯಾಕಾಗಕಿಲ್ಲ. ಗೋಡೆ ಮೇಲಿಂದ ಮಜ್ಜಿಗೆ ಉಯ್ಯುವಾಗ ನಂಗೆ ಅಂತ ಬೆಣ್ಣೆ ಮುದ್ದೆ ಬುಡ್ತಿದ್ದೋಳು ನೀನು. ಅದ್ನ ತಿಂದು ಇಂಥಾ ಕೆಲ್ಸ ಮಾಡುದ್ಯೇನ್ಲಾ ಅಂತ ಕೇಳು. ಬೈಯಿ! ಆಚಾರಿ ವೊಟ್ಟೇಲಿ ಉಟ್ಟಿದ್ದು ಸುಳ್ಳು ಕಣ್ಲಾ ಅನ್ನು. ಉಗಿ ಮೊಕುಕ್ಕೆ. ಒಂದ್ ಮಾತು ಅಜ್ಜಿ, ನಿನ್ ಬಾಯಿಂದ ಒಂದೇ ಒಂದ್ ಮಾತು, ಬೈದ್ರೂ ಸರಿ...

ಯಾಕೆ? ಏನ್ ನೋಡ್ತಿದ್ದೀಯ?

ನನ್ ಕೈನಾ?

ಓ...

ಇಲ್ಲಜ್ಜಿ. ಇಲ್ಲ. ಇದ್ನ ಬೇಕೂಂತ ಇಡ್ಕಂಡಿರ್ಲಿಲ್ಲ. ಮೈಕು ಕೈಲಿರೋದು ಮರ್ತೇ ಓಗಿತ್ತು, ನಿನ್ ಬಾಯ್ ಅತ್ರ ಅದೆಂಗ್ ಬಂತೋ ನಂಗೊತ್ತಿಲ್ಲ... ಸುಮ್ಕೆ ಬೈಯಿ ಅಂದದ್ದು, ತುಂಬಿಸ್ಕಣಾಕಲ್ಲ... ಅಜ್ಜಿ? ನಾನ್ ನಿಜ್ವಾಗ್ಲೂ ಬೈಯಿ ಅಂದೆ...

ನಿಜ್ವಾಗ್ಲೂನಾ ನಾನ್ ಅಂಗ್ ಅಂದದ್ದು?

ಗೆರೆ ನೋಡು. ನನ್ ಮಾತಿಗೆ ಮಾತ್ರ ಕುಣೀತಾ ಅದೆ.